ಲಾ ಸ್ಪೆಜಿಯಾ, ಆಗಸ್ಟ್ 1971: ಟ್ಯಾಂಕಿನೊಳಗೆ ಮಗುಚಿದ ಎಲ್‌ಎನ್‌ಜಿ

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಲಾ ಸ್ಪೆಜಿಯಾ ಕೊಲ್ಲಿಯ ದಡದ ಪಾನಿಗಾಲಿಯಾ ಎಂಬಲ್ಲಿ ದ್ರವೀಕೃತ ನೈಸರ್ಗಿಕ ಅನಿಲದ, ಅಂದರೆ ಎಲ್‌ಎನ್‌ಜಿಯ, ಒಂದು ಆಮದು ಟರ್ಮಿನಲ್ ಇದೆ. 1971ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಒಂದು ಸಂಗ್ರಹ ಟ್ಯಾಂಕಿಗೆ ‘ಎಸ್ಸೊ ಬ್ರೆಗಾ’ ಎಂಬ ಹಡಗಿನಿಂದ ಸರಕನ್ನು ಇಳಿಸಲಾಯಿತು. ಇಳಿಸುವ ಕೆಲಸ ಪೂರ್ತಿ ಮುಗಿದು 18 ಗಂಟೆ ಕಳೆದ ಮೇಲೆ ಟ್ಯಾಂಕಿನ ಒತ್ತಡ ಇದ್ದಕ್ಕಿದ್ದಂತೆ ಏರತೊಡಗಿತು. ಸುರಕ್ಷಾ ಕವಾಟಗಳು ತಾವಾಗಿಯೇ ತೆರೆದುಕೊಂಡವು. ಕವಾಟಗಳಿಂದಲೂ ವೆಂಟ್ ಕೊಳವೆಯಿಂದಲೂ ಕೆಲವು ಗಂಟೆಗಳ ಕಾಲ ಅನಿಲ ಹೊರನುಗ್ಗುತ್ತಲೇ ಇತ್ತು. ಟ್ಯಾಂಕಿನ ಚಾವಣಿಗೆ ಅಲ್ಪ ಹಾನಿಯಾಯಿತು. ಹೊರಬಿದ್ದ ಅನಿಲಕ್ಕೆ ಎಲ್ಲಿಯೂ ಕಿಡಿ ತಗುಲಲಿಲ್ಲ. ಹಾಗಾಗಿ ಇದು ಅಗ್ನಿ ದುರಂತಗಳ ಪಟ್ಟಿಗೆ ಸೇರದೆ ತಾಂತ್ರಿಕ ಸಾಹಿತ್ಯದಲ್ಲಿ ಉಳಿದುಕೊಂಡಿತು.

ಈ ಪ್ರಕರಣವನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಪೈಪು ಒಡೆದಿರಲಿಲ್ಲ, ಬೆಸುಗೆ ಬಿಟ್ಟಿರಲಿಲ್ಲ, ಟ್ಯಾಂಕು ಸೋರಿರಲಿಲ್ಲ. ದ್ರವದ ಮಟ್ಟ ಇರಬೇಕಾದಲ್ಲಿಯೇ ಇತ್ತು. ಕೆಟ್ಟದ್ದು ಯಾವುದೂ ಇರಲಿಲ್ಲ ಎಂದಮೇಲೆ ಒತ್ತಡ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಎಲ್‌ಎನ್‌ಜಿಯನ್ನು ತಯಾರಿಸುವ ಘಟ್ಟದಿಂದ ಹಿಡಿದು ಅದನ್ನು ಇಂಧನವಾಗಿ ಉರಿಸುವ ಘಟ್ಟದವರೆಗಿನ ಇಡೀ ಸರಪಳಿಯನ್ನೇ ನೋಡಬೇಕಾಗುತ್ತದೆ.

ಸರಪಳಿಯ ಮೊದಲ ಕೊಂಡಿ ಲಿಬಿಯಾದ ಮಾರ್ಸಾ ಎಲ್ ಬ್ರೆಗಾ. ನೈಸರ್ಗಿಕ ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಅದು ವಾಯುಮಂಡಲದ ಒತ್ತಡದಲ್ಲಿಯೇ ದ್ರವವಾಗುತ್ತದೆ, ಅದರ ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಕೊಳವೆಮಾರ್ಗ ಹಾಕಲಾಗದ ಕಡೆಗೆ ಅನಿಲವನ್ನು ಹಡಗಿನಲ್ಲಿ ಸಾಗಿಸುವುದು ಈ ಕುಗ್ಗುವಿಕೆಯಿಂದಲೇ ಸಾಧ್ಯವಾಗಿದೆ. ತಣಿಸುವುದಕ್ಕೆ ಮೊದಲು ಅನಿಲವನ್ನು ಚೊಕ್ಕಟಗೊಳಿಸಬೇಕು. ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಅಂಶ ಉಳಿದರೆ ಅವು ಶೈತ್ಯ ಘಟಕದ ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟುತ್ತವೆ. ಪಾದರಸ ಉಳಿದರೆ ಅಲ್ಯೂಮಿನಿಯಮ್ಮಿನ ಶಾಖ ವಿನಿಮಯಕಗಳನ್ನು ತಿಂದುಹಾಕುತ್ತದೆ. ಈಥೇನ್, ಪ್ರೊಪೇನ್, ಬ್ಯೂಟೇನ್‌ಗಳ ಸಂಗತಿ ಬೇರೆ. ಅವು ಹೆಪ್ಪುಗಟ್ಟುವುದಿಲ್ಲ, ದ್ರವ ಮೀಥೇನಿನಲ್ಲಿ ಸಲೀಸಾಗಿ ಬೆರೆತುಕೊಳ್ಳುತ್ತವೆ. ಅವುಗಳನ್ನು ಬೇರ್ಪಡಿಸಿ ಮಾರುವುದೋ ಎಲ್‌ಎನ್‌ಜಿಯಲ್ಲಿಯೇ ಬಿಡುವುದೋ ಎಂಬುದು ತಾಂತ್ರಿಕ ಅನಿವಾರ್ಯಕ್ಕಿಂತ ಹೆಚ್ಚಾಗಿ ವ್ಯಾಪಾರದ ತೀರ್ಮಾನ.

ಲಿಬಿಯಾದ ಸರಕಿನಲ್ಲಿ ಅವು ಧಾರಾಳವಾಗಿ ಉಳಿದಿದ್ದವು. ಮಾರುಕಟ್ಟೆಗೆ ಬರುವ ಎಲ್‌ಎನ್‌ಜಿಯಲ್ಲಿ ಮೀಥೇನ್ ಸಾಮಾನ್ಯವಾಗಿ ಶೇಕಡಾ 85ಕ್ಕಿಂತ ಹೆಚ್ಚಿರುತ್ತದೆ. ಲಾ ಸ್ಪೆಜಿಯಾಕ್ಕೆ ಬಂದ ಸರಕಿನಲ್ಲಿ ಅದು ಶೇಕಡಾ 62ರ ಆಸುಪಾಸಿನಲ್ಲಿತ್ತು. ಉಳಿದ ಪಾಲಿನಲ್ಲಿ ಈಥೇನ್ ಮತ್ತು ಪ್ರೊಪೇನ್‌ಗಳದೇ ಸಿಂಹಪಾಲು. ಶುದ್ಧ ದ್ರವ ಮೀಥೇನಿನ ಸಾಂದ್ರತೆ ಅದರ ಕುದಿಬಿಂದುವಿನಲ್ಲಿ ಘನ ಮೀಟರಿಗೆ ಸುಮಾರು 422 ಕಿಲೋಗ್ರಾಂ. ಈ ಸರಕಿನದು ಸುಮಾರು 546. ಎರಡನ್ನೂ ಎಲ್‌ಎನ್‌ಜಿ ಎಂದೇ ಕರೆಯುತ್ತೇವೆ. ಪ್ರಕರಣದ ಬೇರು ಅರ್ಧದಷ್ಟು ಈ ಒಂದೇ ಹೆಸರಿನಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ನೀರು ಎಂದಾಗ ಒಂದು ವಸ್ತು ಮನಸ್ಸಿಗೆ ಬರುವಂತೆ ಎಲ್‌ಎನ್‌ಜಿ ಎಂದಾಗಲೂ ಒಂದು ವಸ್ತು ಮನಸ್ಸಿಗೆ ಬರುತ್ತದೆ, ಆದರೆ ಟ್ಯಾಂಕಿನಲ್ಲಿ ಇರುವುದು ಒಂದು ಮಿಶ್ರಣ, ಮತ್ತು ಅದು ದಿನದಿಂದ ದಿನಕ್ಕೆ ಬದಲಾಗುವ ಮಿಶ್ರಣ.

ಬದಲಾಗುವುದು ಹೇಗೆ ಎಂಬುದಕ್ಕೆ ಹಡಗಿನ ಕಡೆ ನೋಡಬೇಕು. ಎಷ್ಟೇ ದಪ್ಪ ಉಷ್ಣನಿರೋಧಕ ಹೊದಿಸಿದರೂ ಹೊರಗಿನ ಶಾಖ ಒಳಕ್ಕೆ ನುಸುಳುವುದನ್ನು ಪೂರ್ತಿ ತಡೆಯಲಾಗದು. ನುಸುಳಿದ ಶಾಖವನ್ನು ದ್ರವವು ಸ್ವಲ್ಪ ಸ್ವಲ್ಪವೇ ಆವಿಯಾಗುತ್ತ ಹೊರಹಾಕುತ್ತದೆ. ಈ ಆವಿಯನ್ನು ಕ್ಷೇತ್ರದವರು ಬಾಯ್ಲ್-ಆಫ್ ಎನ್ನುತ್ತಾರೆ. ಹಡಗು ಚಲಿಸುತ್ತಿರುವಾಗ ಇದು ನಷ್ಟವಲ್ಲ, ಏಕೆಂದರೆ ಎಲ್‌ಎನ್‌ಜಿ ಹಡಗುಗಳು 1960ರ ದಶಕದಿಂದಲೂ ಆ ಆವಿಯನ್ನೇ ಬಾಯ್ಲರ್‌ನಲ್ಲಿ ಉರಿಸಿ ತಮ್ಮ ಪ್ರಯಾಣಕ್ಕೆ ಇಂಧನ ಮಾಡಿಕೊಂಡಿವೆ. ಆದರೆ ಆವಿಯಾಗಿ ಹೋಗುವುದು ಯಾವುದು ಎಂಬುದು ಇಲ್ಲಿ ಮುಖ್ಯ. ಮೀಥೇನಿನ ಕುದಿಬಿಂದು ಮೈನಸ್ 161.5 ಡಿಗ್ರಿ, ಈಥೇನಿನದು ಮೈನಸ್ 88.6, ಪ್ರೊಪೇನಿನದು ಮೈನಸ್ 42. ಆದ್ದರಿಂದ ಎದ್ದು ಹೋಗುವುದು ಬಹುಪಾಲು ಮೀಥೇನ್, ಕೆಳಗೆ ಉಳಿಯುವುದು ಭಾರದ ಘಟಕಗಳು. ದಿನ ಕಳೆದಂತೆ ಉಳಿದ ದ್ರವದ ಸಾಂದ್ರತೆ ಏರುತ್ತದೆ, ಕುದಿಯುವ ತಾಪವೂ ಏರುತ್ತದೆ. ಇದಕ್ಕೆ ಸರಕು ‘ಹಳತಾಗುವುದು’ ಎಂದು ಹೆಸರು.

ಎಸ್ಸೊ ಬ್ರೆಗಾ ಹಡಗು ಸರಕನ್ನು ಇಳಿಸುವ ಮುನ್ನ ಒಂದು ತಿಂಗಳಿಗೂ ಹೆಚ್ಚು ಕಾಲ ಬಂದರಿನಲ್ಲಿ ನಿಂತಿತ್ತು. ಮೊದಲೇ ಭಾರವಾಗಿದ್ದ ಸರಕು ನಿಂತಲ್ಲಿಯೇ ಇನ್ನಷ್ಟು ಹಳತಾಯಿತು, ಬೆಚ್ಚಗಾಯಿತು. ‘ಬೆಚ್ಚಗೆ’ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಓದಬೇಕು: ಇಳಿಸುವ ಹೊತ್ತಿಗೆ ಅದರ ತಾಪ ಸುಮಾರು ಮೈನಸ್ 154 ಡಿಗ್ರಿ. ಟ್ಯಾಂಕಿನಲ್ಲಿ ಮೊದಲಿನಿಂದ ಇದ್ದ ದ್ರವದ ತಾಪ ಸುಮಾರು ಮೈನಸ್ 159 ಡಿಗ್ರಿ, ಸಾಂದ್ರತೆ ಸುಮಾರು 542 ಕಿಲೋಗ್ರಾಂ. ಅಂದರೆ ಬಂದ ಸರಕು ಇದ್ದ ಸರಕಿಗಿಂತ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚು ಬಿಸಿ, ಘನ ಮೀಟರಿಗೆ ನಾಲ್ಕು ಕಿಲೋಗ್ರಾಮಿನಷ್ಟು ಭಾರ. ಸಾಂದ್ರತೆಯ ಈ ಅಂತರ ಶೇಕಡಾ ಒಂದಕ್ಕಿಂತಲೂ ಕಡಿಮೆ. ಪ್ರಯೋಗಾಲಯದ ವರದಿಯಲ್ಲಿ ಇಂಥ ವ್ಯತ್ಯಾಸ ಕಂಡರೆ ಬಹಳಷ್ಟು ಮಂದಿ ಎರಡೂ ಒಂದೇ ಎಂದು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ.

ಭಾರವಾದ ಆ ಸರಕು ಟ್ಯಾಂಕಿನ ತಳದಿಂದ ಒಳಸೇರಿತು. ತಳದಿಂದ ತುಂಬುವುದು ತನ್ನಷ್ಟಕ್ಕೆ ಅವಿವೇಕವೇನಲ್ಲ. ಬೆಚ್ಚಗಿನ ಸರಕನ್ನು ಮೇಲಿನಿಂದ ಸುರಿದರೆ ಒತ್ತಡ ಕಡಿಮೆ ಇರುವ ಆವಿಯ ಭಾಗಕ್ಕೆ ಬಿದ್ದಕೂಡಲೇ ಅದರ ಒಂದಂಶ ಭಗ್ಗನೆ ಆವಿಯಾಗುತ್ತದೆ, ಆ ಆವಿಯನ್ನು ಸೆಳೆದುಕೊಳ್ಳಲು ಕಂಪ್ರೆಸರ್‌ಗಳು ಹೆಣಗಬೇಕಾಗುತ್ತದೆ. ತಳದಿಂದ ತುಂಬಿದರೆ ಮೇಲಿನ ದ್ರವದ ಭಾರವೇ ಒತ್ತಿ ಹಿಡಿದು ಆ ಗದ್ದಲವನ್ನು ತಪ್ಪಿಸುತ್ತದೆ, ಇಳಿಸುವ ಕೆಲಸ ನಿರಾತಂಕವಾಗಿ ಸಾಗುತ್ತದೆ. ತೊಂದರೆ ಇರುವುದೂ ಆ ನಿರಾತಂಕದಲ್ಲಿಯೇ. ಹಗುರ ದ್ರವದ ಕೆಳಗೆ ಭಾರದ ದ್ರವ ನಿಧಾನವಾಗಿ ಜಾರಿಕೊಂಡು ಬಂದರೆ ಅವೆರಡೂ ಬೆರೆಯುವುದಕ್ಕೆ ಕಾರಣವೇ ಇರುವುದಿಲ್ಲ. ಮೇಲಿನ ದ್ರವ ಎತ್ತಿಹಿಡಿದಂತೆ ಮೇಲೇರುತ್ತದೆ, ಕೆಳಗೆ ಹೊಸದೊಂದು ಪದರ ಹಾಸಿಕೊಳ್ಳುತ್ತದೆ. ಮಟ್ಟಮಾಪಕಕ್ಕೆ ಮಾತ್ರ ಕಾಣುವುದು ಒಂದೇ ಟ್ಯಾಂಕು, ಒಂದೇ ಎತ್ತರ.

ಈಗ ಟ್ಯಾಂಕಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದೇ ಬಗೆಯ ದ್ರವ ತುಂಬಿದ ಟ್ಯಾಂಕಿನಲ್ಲಿ ಗೋಡೆಯಿಂದ ಬಂದ ಶಾಖವು ಗೋಡೆಗೆ ತಾಗಿದ ದ್ರವವನ್ನು ಹಗುರಗೊಳಿಸುತ್ತದೆ. ಅದು ಗೋಡೆಯ ಗುಂಟ ಮೇಲೇರಿ, ಮೇಲ್ಮೈಯಲ್ಲಿ ಅಲ್ಪ ಆವಿಯನ್ನು ಬಿಟ್ಟು ತಣ್ಣಗಾಗಿ, ನಡುವಿನಲ್ಲಿ ಕೆಳಗಿಳಿಯುತ್ತದೆ. ಹೀಗೆ ಇಡೀ ಟ್ಯಾಂಕು ನಿಧಾನವಾಗಿ ಸುತ್ತುತ್ತ ಬಂದ ಶಾಖವನ್ನು ಬಂದಂತೆಯೇ ಹೊರಹಾಕುತ್ತದೆ. ಎರಡು ಪದರಗಳಾದಾಗ ಕೆಳಗಿನದಕ್ಕೆ ಈ ದಾರಿ ಮುಚ್ಚಿಹೋಗುತ್ತದೆ. ಬಿಸಿಯಾದ ದ್ರವ ಗೋಡೆಯ ಗುಂಟ ಏರಿದರೂ ತನಗಿಂತ ಹಗುರವಾದ ಮೇಲಿನ ಪದರದ ಅಡಿಗೆ ಬಡಿದು ಹಿಂತಿರುಗುತ್ತದೆ. ಮೇಲ್ಮೈ ಕಾಣದ ದ್ರವಕ್ಕೆ ಆವಿಯಾಗುವ ಅವಕಾಶವಿಲ್ಲ. ಸಾಲದೆಂಬಂತೆ ಮೇಲಿನ ದ್ರವದ ಭಾರವೂ ಅದರ ಮೇಲಿದೆ. 20 ಮೀಟರ್ ಆಳದಲ್ಲಿ ಆ ಭಾರ ಸುಮಾರು ಒಂದು ಬಾರ್‌ನಷ್ಟು, ಅಂದರೆ ಹೆಚ್ಚುಕಡಿಮೆ ವಾಯುಮಂಡಲದ ಒತ್ತಡದಷ್ಟು, ಆಗುತ್ತದೆ, ಅಷ್ಟು ಹೆಚ್ಚುವರಿ ಒತ್ತಡದಲ್ಲಿ ಮೀಥೇನ್ ಕುದಿಯಬೇಕಾದರೆ ಇನ್ನೂ 9 ಡಿಗ್ರಿಯಷ್ಟು ಬಿಸಿಯಾಗಬೇಕು. ಹಾಗಾಗಿ ಮೇಲ್ಮೈಯಲ್ಲಿದ್ದಿದ್ದರೆ ಎಂದೋ ಆವಿಯಾಗಿ ಹೋಗಬೇಕಾಗಿದ್ದ ಶಾಖವೆಲ್ಲ ಕೆಳಗಿನ ಪದರದಲ್ಲಿಯೇ ಜಮೆಯಾಗುತ್ತ ಹೋಗುತ್ತದೆ.

ಸೌರ ಕೊಳಗಳನ್ನು ಬಲ್ಲವರಿಗೆ ಈ ಚಿತ್ರ ಪರಿಚಿತ. ಅಲ್ಲಿ ತಳದಲ್ಲಿ ಉಪ್ಪು ಹೆಚ್ಚಿರುವ ನೀರು ಕಾದು ಬಿಸಿಯಾದರೂ ಉಪ್ಪಿನ ಭಾರದಿಂದಾಗಿ ಮೇಲೇಳದೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಉಪ್ಪಿನ ಪಾತ್ರವನ್ನು ಈಥೇನ್ ಮತ್ತು ಪ್ರೊಪೇನ್ ವಹಿಸುತ್ತವೆ. ವ್ಯತ್ಯಾಸವೆಂದರೆ ಸೌರ ಕೊಳ ಹಾಗೆಯೇ ಉಳಿಯಬಲ್ಲದು, ಎಲ್‌ಎನ್‌ಜಿ ಟ್ಯಾಂಕು ಉಳಿಯಲಾರದು. ಕೆಳಗಿನ ಪದರ ಬಿಸಿಯಾದಂತೆ ಹಿಗ್ಗಿ ಹಗುರವಾಗುತ್ತದೆ. ದ್ರವ ಮೀಥೇನಿನ ತಾಪ ಒಂದು ಡಿಗ್ರಿ ಏರಿದರೆ ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು 1.4 ಕಿಲೋಗ್ರಾಂ ಇಳಿಯುತ್ತದೆ. ಇತ್ತ ಮೇಲಿನ ಪದರ ತನ್ನ ಮೀಥೇನನ್ನು ಆವಿಯಾಗಿ ಕಳೆದುಕೊಳ್ಳುತ್ತ ಭಾರವಾಗುತ್ತದೆ, ಕೆಳಗಿನಿಂದ ಬರುವ ಶಾಖ ಆ ಕಳೆದುಕೊಳ್ಳುವಿಕೆಗೆ ವೇಗ ಕೊಡುತ್ತದೆ. ಕೆಳಗಿನದು ಹಗುರವಾಗುತ್ತ, ಮೇಲಿನದು ಭಾರವಾಗುತ್ತ, ಎರಡೂ ಸಾಂದ್ರತೆಗಳು ಒಂದನ್ನೊಂದು ಸಮೀಪಿಸುತ್ತವೆ. ಅವು ಸಮವಾದ ಗಳಿಗೆಯಲ್ಲಿ ಪದರಗಳ ನಡುವಿನ ಗಡಿ ಕರಗಿಹೋಗಿ ಕೆಳಗಿನದು ಮೇಲಕ್ಕೆ ಮಗುಚಿಕೊಳ್ಳುತ್ತದೆ. ಇದನ್ನೇ ರೋಲ್‌ಓವರ್ ಎನ್ನುವುದು.

ಲಾ ಸ್ಪೆಜಿಯಾದಲ್ಲಿ ಬಂದ ಸರಕು ನಾಲ್ಕು ಡಿಗ್ರಿ ಹೆಚ್ಚು ಬಿಸಿಯಿದ್ದೂ ಭಾರವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಎರಡನ್ನೂ ಒಂದೇ ತಾಪಕ್ಕೆ ತಂದು ತೂಗಿದ್ದರೆ ಅಂತರ ನಾಲ್ಕಲ್ಲ, ಹತ್ತು ಕಿಲೋಗ್ರಾಮಿನ ಹತ್ತಿರ ಬರುತ್ತಿತ್ತು. ಅಂದರೆ ಸಾಂದ್ರತೆಯ ಅಂಕಿಯೊಂದೇ ಪೂರ್ತಿ ಕಥೆಯನ್ನು ಹೇಳುವುದಿಲ್ಲ. ಅಂತರ ಸಣ್ಣದಾಗಿ ಕಂಡದ್ದು ಕೆಳಗಿನ ಪದರದಲ್ಲಿ ಆಗಲೇ ಶಾಖ ತುಂಬಿಕೊಂಡಿದ್ದರಿಂದ. ಸಮತೋಲ ಮುರಿಯಲು ಇನ್ನು ಉಳಿದಿದ್ದ ದಾರಿಯೂ ಆದ್ದರಿಂದಲೇ ಚಿಕ್ಕದಾಗಿತ್ತು, 18 ಗಂಟೆ ಸಾಕಾಯಿತು.

ಮಗುಚಿದಾಗ ಹೊರಬರುವ ಆವಿ ಎಷ್ಟು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಒಂದು ಟನ್ ಎಲ್‌ಎನ್‌ಜಿಯ ತಾಪ ಇರಬೇಕಾದುದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚಿದೆ ಎಂದುಕೊಳ್ಳಿ. ಪ್ರತಿ ಕಿಲೋಗ್ರಾಮಿಗೆ ಪ್ರತಿ ಡಿಗ್ರಿಗೆ ಸುಮಾರು 3.3 ಕಿಲೋಜೂಲ್‌ನಂತೆ ಅದರಲ್ಲಿ ಅಡಗಿರುವ ಹೆಚ್ಚುವರಿ ಶಾಖ 13 ಮೆಗಾಜೂಲ್. ಮೀಥೇನಿನ ಒಂದು ಕಿಲೋಗ್ರಾಂ ಆವಿಯಾಗಲು ಸುಮಾರು 510 ಕಿಲೋಜೂಲ್ ಬೇಕು. ಮೇಲ್ಮೈಗೆ ಬಂದಕೂಡಲೇ ಆ ಒಂದು ಟನ್ನು ತನ್ನ ಹೆಚ್ಚುವರಿ ಶಾಖವನ್ನು ಕಳೆದುಕೊಳ್ಳಲು ಸುಮಾರು 26 ಕಿಲೋಗ್ರಾಂ ಆವಿಯನ್ನು ಬಿಡಬೇಕಾಗುತ್ತದೆ. ದಿನಕ್ಕೆ ಶೇಕಡಾ 0.05ರಷ್ಟು ಆವಿಯಾಗುವ ಒಂದು ಒಳ್ಳೆಯ ಟ್ಯಾಂಕಿನಲ್ಲಿ ಇದು 50 ದಿನಗಳ ಆವಿ. ಅಷ್ಟೂ ಆವಿ ಕೆಲವೇ ಗಂಟೆಗಳಲ್ಲಿ ಏಳುತ್ತದೆ. ನೆಲದ ಮೇಲಿನ ದೊಡ್ಡ ಎಲ್‌ಎನ್‌ಜಿ ಟ್ಯಾಂಕುಗಳೋ ಒತ್ತಡದ ಪಾತ್ರೆಗಳಲ್ಲ. ವಾಯುಮಂಡಲಕ್ಕಿಂತ ಅಲ್ಪವೇ ಹೆಚ್ಚಿನ ಒತ್ತಡವನ್ನಷ್ಟೇ ಅವುಗಳ ಚಾವಣಿ ತಾಳಬಲ್ಲದು. ಪಾನಿಗಾಲಿಯಾದಲ್ಲಿ ಕವಾಟಗಳು ತೆರೆದದ್ದು ವೈಫಲ್ಯವಲ್ಲ, ಟ್ಯಾಂಕು ಉಳಿದದ್ದೇ ಅವುಗಳಿಂದ.

ಕವಾಟದಿಂದ ಹೊರಬಿದ್ದ ಅನಿಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಮೀಥೇನ್ ಗಾಳಿಗಿಂತ ಹಗುರ ಎಂಬುದು ಶಾಲೆಯ ಪಾಠ, ಆದರೆ ಮೈನಸ್ 160 ಡಿಗ್ರಿಯ ಮೀಥೇನ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸುಮಾರು ಮೈನಸ್ 110 ಡಿಗ್ರಿಗೆ ಬೆಚ್ಚಗಾಗುವವರೆಗೆ ಅದು ಮೇಲೇರದೆ ನೆಲದ ಕಡೆಗೆ ಇಳಿಯುತ್ತದೆ. ಸುತ್ತಲಿನ ಗಾಳಿಯಲ್ಲಿರುವ ತೇವ ಹೆಪ್ಪುಗಟ್ಟುವುದರಿಂದ ಬಿಳಿ ಮೋಡದಂತೆ ಕಾಣುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇರುವಲ್ಲಿ ಒಂದು ಕಿಡಿ ಸಾಕು. ಗಂಟೆಗಟ್ಟಲೆ ಹರಿದ ಅನಿಲಕ್ಕೆ ಅಂಥ ಒಂದು ಕಿಡಿಯೂ ಸಿಗದೆ ಹೋದದ್ದನ್ನು ವ್ಯವಸ್ಥೆಯ ಯಶಸ್ಸು ಎಂದು ಪೂರ್ತಿಯಾಗಿ ಬರೆದುಕೊಳ್ಳಲು ನನಗೆ ಮನಸ್ಸಿಲ್ಲ.

ಪ್ರಕರಣದ ಅತ್ಯಂತ ಕಸಿವಿಸಿಯ ಅಂಶ ಮುನ್ಸೂಚನೆಗೆ ಸಂಬಂಧಿಸಿದ್ದು. ಪದರಗಳಾದ ಟ್ಯಾಂಕಿನಲ್ಲಿ ಕೆಳಗಿನ ಶಾಖ ಹೊರಬರದೆ ಇರುವುದರಿಂದ ಬಾಯ್ಲ್-ಆಫ್ ಸಾಮಾನ್ಯಕ್ಕಿಂತ ಕಡಿಮೆಯಾಗುತ್ತದೆ. ಟರ್ಮಿನಲ್ ನಡೆಸುವವರಿಗೆ ಬಾಯ್ಲ್-ಆಫ್ ಎಂದರೆ ಖರ್ಚು. ಅದು ಇಳಿದರೆ ಕಂಪ್ರೆಸರ್‌ಗೆ ವಿಶ್ರಾಂತಿ, ದಿನದ ವರದಿಗೆ ಒಳ್ಳೆಯ ಅಂಕಿ. ಒತ್ತಡಮಾಪಕ ನೆಮ್ಮದಿಯಿಂದಿರುತ್ತದೆ, ಮಟ್ಟಮಾಪಕ ಅಲುಗುವುದಿಲ್ಲ. ಹೊರಬರಬೇಕಾದ ಶಾಖ ಹೊರಬರುತ್ತಿಲ್ಲವಲ್ಲ, ಎಲ್ಲಿ ಹೋಯಿತು ಎಂದು ಕೇಳುವುದಕ್ಕೆ ಒಳ್ಳೆಯ ಅಂಕಿಯನ್ನು ಅನುಮಾನಿಸುವ ಅಭ್ಯಾಸ ಬೇಕು, ಮತ್ತು 1971ರಲ್ಲಿ ಆ ಅಭ್ಯಾಸಕ್ಕೆ ಕಾರಣವಾಗುವಂಥ ಅನುಭವ ಉದ್ಯಮಕ್ಕೆ ಇರಲಿಲ್ಲ. ಎಲ್‌ಎನ್‌ಜಿಯನ್ನು ಸಮುದ್ರದಾಚೆ ಸಾಗಿಸಿದ ಮೊದಲ ಹಡಗು ‘ಮೀಥೇನ್ ಪಯೋನಿಯರ್’ ಅಮೆರಿಕದ ಲೇಕ್ ಚಾರ್ಲ್ಸ್‌ನಿಂದ ಇಂಗ್ಲೆಂಡಿನ ಕ್ಯಾನ್ವೆ ದ್ವೀಪಕ್ಕೆ ಹೋದದ್ದು 1959ರಲ್ಲಿ. ಆಲ್ಜೀರಿಯಾದಿಂದ ನಿಯಮಿತ ವ್ಯಾಪಾರ ಶುರುವಾದದ್ದು 1964ರಲ್ಲಿ. ಬೇರೆ ಬೇರೆ ವಯಸ್ಸಿನ ಭಾರದ ಸರಕುಗಳು ಒಂದೇ ಟ್ಯಾಂಕಿನಲ್ಲಿ ಸಂಧಿಸುವ ಸಂದರ್ಭ ಅಲ್ಲಿಯವರೆಗೆ ಅಪರೂಪವಾಗಿತ್ತು.

ನಂತರದ ವರ್ಷಗಳಲ್ಲಿ ಬದಲಾದದ್ದು ಹಲವು. ಟ್ಯಾಂಕಿನ ಉದ್ದಕ್ಕೂ ಇಳಿದೇರುತ್ತ ಪ್ರತಿ ಎತ್ತರದಲ್ಲಿಯೂ ತಾಪ ಮತ್ತು ಸಾಂದ್ರತೆ ಎರಡನ್ನೂ ಅಳೆಯುವ ಎಲ್‌ಟಿಡಿ ಮಾಪಕಗಳು ಬಂದವು. ಮೇಲಿನಿಂದಲೂ ತಳದಿಂದಲೂ ತುಂಬಬಲ್ಲ ಎರಡೂ ಕೊಳವೆಗಳನ್ನು ಇಟ್ಟು, ಭಾರದ ಸರಕನ್ನು ಮೇಲಿನಿಂದ, ಹಗುರವಾದುದನ್ನು ತಳದಿಂದ ತುಂಬುವ ರೂಢಿ ಬೆಳೆಯಿತು. ಭಾರದ್ದು ಇಳಿಯುತ್ತ, ಹಗುರವಾದದ್ದು ಏರುತ್ತ ತಾವೇ ಬೆರೆಯಲಿ ಎಂಬುದು ಇದರ ಉದ್ದೇಶ. ತಳದಿಂದಲೇ ತುಂಬಬೇಕಾದಾಗ ದ್ರವವನ್ನು ರಭಸದ ಧಾರೆಯಾಗಿ ಮೇಲ್ಮುಖವಾಗಿ ಚಿಮ್ಮಿಸುವ ನಾಝಲ್‌ಗಳು ಬಂದವು. ಅನುಮಾನ ಬಂದರೆ ಪಂಪಿನಿಂದ ತಳದ ದ್ರವವನ್ನು ಎತ್ತಿ ಮೇಲಕ್ಕೆ ಸುರಿದು ಕಲಕುವುದು ನಿತ್ಯದ ಕ್ರಮವಾಯಿತು. ಯುರೋಪಿನ ಇಎನ್ 1473 ಮಾನದಂಡವು ಸುರಕ್ಷಾ ಕವಾಟಗಳ ಗಾತ್ರ ನಿರ್ಧರಿಸುವಾಗ ರೋಲ್‌ಓವರ್ ಅನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬೇರೆ ಲೆಕ್ಕಾಚಾರ ಇಲ್ಲದಿದ್ದರೆ ಹೊರಗಿನ ಶಾಖದಿಂದ ಏಳುವ ಗರಿಷ್ಠ ಬಾಯ್ಲ್-ಆಫ್‌ನ 100 ಪಟ್ಟು ಹರಿವು ಎಂದು ಎಣಿಸಬೇಕೆನ್ನುತ್ತದೆ. ಮೇಲಿನ 50 ದಿನಗಳ ಲೆಕ್ಕವನ್ನು ನೋಡಿದವರಿಗೆ ಈ 100 ಅತಿ ಎನ್ನಿಸಲಾರದು.

ಇಷ್ಟಾದ ಮೇಲೂ 1993ರಲ್ಲಿ ಇಂಗ್ಲೆಂಡಿನ ಪಾರ್ಟಿಂಗ್ಟನ್‌ನಲ್ಲಿ ರೋಲ್‌ಓವರ್ ಆಯಿತು. ಅದು ಹಡಗಿನ ಸರಕಲ್ಲ. ಬೇಡಿಕೆ ಕಡಿಮೆ ಇರುವಾಗ ಕೊಳವೆಯ ಅನಿಲವನ್ನು ದ್ರವೀಕರಿಸಿಟ್ಟುಕೊಂಡು ಚಳಿಗಾಲದ ಬೇಡಿಕೆಗೆ ಬಳಸುವ ಸ್ಥಾವರ. ಅಲ್ಲಿ ಆದದ್ದು ತಿರುವುಮುರುವು: ಹಳೆಯ, ಭಾರದ ದ್ರವದ ಮೇಲೆ ಹೊಸದಾಗಿ ತಯಾರಾದ ಹಗುರ ದ್ರವ ಬಂದು ಕುಳಿತಿತು. ತುಂಬಿ ಮುಗಿದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಟ್ಯಾಂಕು ಶಾಂತವಾಗಿತ್ತು. ಆಮೇಲೆ ಎರಡು ಗಂಟೆಯಲ್ಲಿ ಸುಮಾರು 150 ಟನ್ ಅನಿಲವನ್ನು ಹೊರಹಾಕಿತು. ಲಾ ಸ್ಪೆಜಿಯಾದ 18 ಗಂಟೆಯನ್ನೂ ಪಾರ್ಟಿಂಗ್ಟನ್ನಿನ ಎರಡು ತಿಂಗಳನ್ನೂ ಜೊತೆಗಿಟ್ಟು ನೋಡಿದರೆ, ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಈ ವಿಷಯದಲ್ಲಿ ಯಾವ ಬೆಲೆಯೂ ಇಲ್ಲ ಎಂದು ತಿಳಿಯುತ್ತದೆ.

ಎಲ್‌ಎನ್‌ಜಿ ಈಗ ಟರ್ಮಿನಲ್‌ನಲ್ಲಿ ಮತ್ತೆ ಅನಿಲವಾಗಿ ಕೊಳವೆ ಸೇರುವ ಸರಕಾಗಿ ಮಾತ್ರ ಉಳಿದಿಲ್ಲ. 2000ದಲ್ಲಿ ನಾರ್ವೆಯ ‘ಗ್ಲುಟ್ರಾ’ ದೋಣಿ ಎಲ್‌ಎನ್‌ಜಿಯನ್ನೇ ಉರಿಸುತ್ತ ಸಂಚಾರ ಆರಂಭಿಸಿತು. ಅಲ್ಲಿಂದೀಚೆಗೆ ಸರಕು ಹಡಗುಗಳು, ದೂರ ಸಂಚಾರದ ಲಾರಿಗಳು ಇದೇ ಇಂಧನಕ್ಕೆ ಬಂದಿವೆ. ಇವುಗಳ ಟ್ಯಾಂಕುಗಳು ಚಿಕ್ಕವು, ಹಲವು ಬಾರ್ ಒತ್ತಡ ತಾಳುವಂಥವು, ಚಲನೆಯಲ್ಲಿ ದ್ರವ ತಾನಾಗಿಯೇ ಕಲಕಿಕೊಳ್ಳುತ್ತದೆ. ಆದ್ದರಿಂದ ಮಗುಚುವ ಭಯ ಇಲ್ಲಿ ಅಷ್ಟಿಲ್ಲ. ಆದರೆ ಹಳತಾಗುವುದು ತಪ್ಪುವುದಿಲ್ಲ, ಅದು ಬೇರೆ ರೂಪದಲ್ಲಿ ಬಾಧಿಸುತ್ತದೆ. ಎಂಜಿನ್ನಿನಲ್ಲಿ ಅನಿಲ ಅಕಾಲದಲ್ಲಿ ಹೊತ್ತಿಕೊಂಡು ಬಡಿಯುವುದನ್ನು, ಅಂದರೆ ನಾಕಿಂಗ್ ಅನ್ನು, ತಾಳುವ ಗುಣಕ್ಕೆ ಮೀಥೇನ್ ಸಂಖ್ಯೆ ಎಂಬ ಅಳತೆಯಿದೆ. ಶುದ್ಧ ಮೀಥೇನಿಗೆ ಅದು 100, ಈಥೇನ್ ಮತ್ತು ಪ್ರೊಪೇನ್ ಸೇರಿದಂತೆ ಇಳಿಯುತ್ತದೆ. ನಿಲ್ಲಿಸಿಟ್ಟ ಲಾರಿಯ ಟ್ಯಾಂಕಿನಿಂದ ಮೀಥೇನ್ ಹಾರಿಹೋಗುತ್ತ ಬಂದರೆ ಉಳಿಯುವ ಇಂಧನ ಶಾಖದ ಲೆಕ್ಕದಲ್ಲಿ ಶ್ರೀಮಂತವಾದರೂ ಎಂಜಿನ್ನಿಗೆ ಒಗ್ಗದ ಇಂಧನವಾಗಬಹುದು. ಎಸ್ಸೊ ಬ್ರೆಗಾದ ಸರಕನ್ನು ಇಂದಿನ ಅನಿಲ ಎಂಜಿನ್ನಿಗೆ ನೇರವಾಗಿ ಕೊಟ್ಟಿದ್ದರೆ ಅದು ಖಂಡಿತ ತಕರಾರು ಮಾಡುತ್ತಿತ್ತು.

2017ರ ಜನವರಿ 1ರಿಂದ ಜಾರಿಯಲ್ಲಿರುವ ಐಜಿಎಫ್ ಸಂಹಿತೆಯ, ಅಂದರೆ ಅನಿಲದಂಥ ಇಂಧನ ಬಳಸುವ ಹಡಗುಗಳ ಅಂತರರಾಷ್ಟ್ರೀಯ ಸುರಕ್ಷಾ ನಿಯಮಾವಳಿಯ, ಪ್ರಕಾರ, ಅನಿಲ ಇಂಧನದ ಹಡಗು ಸುಮ್ಮನೆ ನಿಂತಿರುವಾಗಲೂ ಅದರ ಇಂಧನ ಟ್ಯಾಂಕಿನ ಒತ್ತಡವನ್ನು ಕವಾಟ ತೆರೆಯದಂತೆ 15 ದಿನ ಕಾಯ್ದುಕೊಳ್ಳುವ ವ್ಯವಸ್ಥೆ ಇರಬೇಕು. 2020ರ ಐಎಸ್‌ಒ 23306 ಮಾನದಂಡ ಹಡಗಿನ ಎಲ್‌ಎನ್‌ಜಿ ಇಂಧನದ ಗುಣಲಕ್ಷಣಗಳನ್ನು ನಿಗದಿಪಡಿಸುತ್ತದೆ. ಕಷ್ಟ ಇರುವುದು ಇವೆರಡರ ನಡುವಿನ ಜಾಗದಲ್ಲಿ, ಅಂದರೆ ಇಂಧನ ತುಂಬಿಸುವ ಬಂದರಿನ ಮಧ್ಯಮ ಗಾತ್ರದ ಟ್ಯಾಂಕುಗಳಲ್ಲಿ. ಅಲ್ಲಿಗೆ ಬೇರೆ ಬೇರೆ ಮೂಲದ ಸಣ್ಣ ಸರಕುಗಳು ಬರುತ್ತವೆ, ಗಿರಾಕಿ ಬರುವವರೆಗೆ ದಿನಗಟ್ಟಲೆ ನಿಲ್ಲುತ್ತವೆ, ಕಲಕುವ ಅಲೆಯೂ ಇರುವುದಿಲ್ಲ. ಅಂಥಲ್ಲಿ ಕೆಲಸ ಮಾಡುವವರು ಹೋಸ್ ಜೋಡಿಸುವ ಮುನ್ನ ಬಂದ ಸರಕಿನ ಸಾಂದ್ರತೆಯನ್ನೂ ತಾಪವನ್ನೂ ಒಟ್ಟಿಗೆ ಕೇಳಿ ಪಡೆಯಬೇಕು, ತಮ್ಮ ಟ್ಯಾಂಕಿನ ತಳದ ಮತ್ತು ಮೇಲಿನ ಅಂಕಿಗಳ ಪಕ್ಕದಲ್ಲಿ ಅವನ್ನು ಬರೆದುಕೊಳ್ಳಬೇಕು, ಆಮೇಲೆ ಯಾವ ಕೊಳವೆಯಿಂದ ತುಂಬುವುದೆಂದು ತೀರ್ಮಾನಿಸಬೇಕು. ಮರುದಿನದ ವರದಿಯಲ್ಲಿ ಬಾಯ್ಲ್-ಆಫ್ ಕಾರಣವಿಲ್ಲದೆ ಇಳಿದಿರುವುದು ಕಂಡರೆ, ಮೊದಲು ಮಾಡಬೇಕಾದ ಕೆಲಸ ತಳದ ದ್ರವವನ್ನು ಪಂಪಿನಿಂದ ಎತ್ತಿ ಮೇಲಕ್ಕೆ ಸುರಿಯುವುದು.